ಅಜ್ಜಿಗೊಂದು ಗಂಡು

ಮೂರು ಬೇಸಿಗೆ ಕ್ಲಿಂಚ್ ನದಿಯಲ್ಲಿ ನಾವು ಒಂದು ಗಂಡು ಹುಡುಕಿದೆವು. ಮದುವೆಗೆ ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಂಡ ಅಪ್ಪನೂ ಅಷ್ಟು ಅಲೆದಿರಲಾರ. ಹೆಣ್ಣು ನಮ್ಮ ಕೈಯಲ್ಲೇ ಇತ್ತು. ಸರ್ಕಾರದ ಮೀನುಮರಿ ಕೇಂದ್ರದ ಮೂರನೇ ತೊಟ್ಟಿಯಲ್ಲಿ, ಒಂದು ಗೇಣು ಜಲ್ಲಿಯೊಳಗೆ ಹುದುಗಿಕೊಂಡ, ಜೇನುತುಪ್ಪದ ಬಣ್ಣದ ಒಂದು ಕಪ್ಪೆಚಿಪ್ಪು. ಮುಷ್ಟಿ ಮುಚ್ಚಿದರೆ ಕಾಣದಷ್ಟು ಚಿಕ್ಕದು. ಅದರ ಜಾತಿಯಲ್ಲಿ ಜೀವಂತ ಉಳಿದದ್ದು, ನಮಗೆ ಗೊತ್ತಿದ್ದ ಮಟ್ಟಿಗೆ, ಇಡೀ ಭೂಮಿಯ ಮೇಲೆ ಅದೊಂದೇ. ಚಿಪ್ಪಿನ ಮೇಲಿನ ಗೆರೆ ಎಣಿಸಿ ಮೂವತ್ತೆರಡು ವರ್ಷ ಎಂದು ಡಾಕ್ಟರು ಹೇಳಿದ ದಿನದಿಂದ ನಾನು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ಡಾಕ್ಟರಿಗೆ ಪ್ರಾಣಿಗಳಿಗೆ ಹೆಸರಿಡುವುದು ಸರಿಬೀಳುವುದಿಲ್ಲ. ಅವರು ಒಂದನೇ ನಂಬರು ಎನ್ನುತ್ತಿದ್ದರು. ಎರಡನೇ ನಂಬರೇ ಇಲ್ಲದಿರುವಾಗ ಇದ್ಯಾವ ಒಂದನೇ ನಂಬರು ಎಂದು ನಾನು ಕೇಳಿದರೆ ತೊಟ್ಟಿಯ ನೀರು ಎಷ್ಟು ತಣ್ಣಗಿದೆ ಎಂದು ನೋಡಲು ಹೋಗುತ್ತಿದ್ದರು.

ಡಾಕ್ಟರು ಎಂದರೆ ಸಿಗ್ನಿ ಹೌಗೆನ್ ಎಂಬಾಕೆ. ಪ್ರಾಣಿಶಾಸ್ತ್ರದ ಡಾಕ್ಟರು. ಮೂವತ್ತೆಂಟು ವರ್ಷದ ಹಿಂದೆ ಮಿನೆಸೋಟದಿಂದ ತುಕ್ಕು ಹಿಡಿದ ಟ್ರಕ್ಕಿನಲ್ಲಿ ನಮ್ಮ ಊರಿಗೆ ಬಂದಿಳಿದಾಗ ಅವರಿಗೆ ಮೂವತ್ತು. ಡಾಕ್ಟರು ಬಂದಿದ್ದಾರೆ ಎಂದು ಕೇಳಿ ಜನ ಹಲ್ಲುನೋವು, ಮಂಡಿನೋವು, ಒಬ್ಬರಂತೂ ಕುಂಟುವ ಹೇಸರಗತ್ತೆಯನ್ನೇ ಹಿಡಿದುಕೊಂಡು ಹೋಗಿದ್ದರು. ಕಪ್ಪೆಚಿಪ್ಪಿನ ಡಾಕ್ಟರು ಎಂದು ಗೊತ್ತಾದಾಗ ಊರು ಒಂದು ತಿಂಗಳು ನಕ್ಕಿತು. ಕರಡಿಯಲ್ಲ, ಹದ್ದಲ್ಲ, ಕಣ್ಣಿಲ್ಲದ, ಕಾಲಿಲ್ಲದ, ಕಲ್ಲಿನಂತೆ ಬಿದ್ದಿರುವ ಚಿಪ್ಪಿಗಾಗಿ ಇಷ್ಟು ಓದಬೇಕೇ ಎಂದು ನಾನೂ ನಕ್ಕವಳೇ. ಆಗ ನಾನು ಅವರ ಬೇಸಿಗೆ ತಂಡಕ್ಕೆ ಅಡುಗೆ ಮಾಡಲು ಸೇರಿದ್ದೆ. ಒಂದು ದಿನ ಬುತ್ತಿ ಕೊಡಲು ನದಿಗೆ ಹೋದವಳು, ತಳಕ್ಕೆ ಗಾಜು ಹಾಕಿದ ಅವರ ಬಕೆಟ್ಟಿನಲ್ಲಿ ಸುಮ್ಮನೆ ಬಗ್ಗಿ ನೋಡಿ, ನಿಮ್ಮ ಕಾಲ ಹತ್ತಿರವೇ ಒಂದಿದೆಯಲ್ಲ ಎಂದೆ. ಓದಿದ ನಾಲ್ವರು ಅದನ್ನು ತುಳಿದುಕೊಂಡು ನಿಂತಿದ್ದರು. ಮರುದಿನದಿಂದ ಅಡುಗೆಗೆ ಬೇರೆಯವರು ಬಂದರು, ನನಗೆ ರಬ್ಬರಿನ ಈಜುಡುಗೆ ಬಂತು. ಓರ್ಲೀನಾ ಸ್ಟಾಲರ್ಡ್, ವಯಸ್ಸು ಅರವತ್ತಮೂರು, ಕೆಲಸ ಚಿಪ್ಪು ಹುಡುಕುವುದು. ನನ್ನ ಸೋದರತ್ತೆಗೆ ಸಾಯುವವರೆಗೂ ಇದನ್ನು ಹೇಳಲು ನಾಚಿಕೆಯಾಗುತ್ತಿತ್ತು.

ಡಾಕ್ಟರಿಗೆ ದೊಡ್ಡ ಊರಿನ ವಸ್ತುಸಂಗ್ರಹಾಲಯದಿಂದ ಕೆಲಸಕ್ಕೆ ಎರಡು ಸಲ ಕರೆ ಬಂದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದಾಗ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ಕರಡಿಗೆ ಕಣ್ಣಿದೆ, ಓರ್ಲೀನಾ. ಅದು ನೋಡಿದ್ರೆ ಸಾವಿರ ಜನ ಅಳ್ತಾರೆ. ಇದಕ್ಕೆ ಮುಖಾನೇ ಇಲ್ಲ. ಅದಕ್ಕೇ ಯಾರಾದ್ರೂ ಒಬ್ಬರು ಇಲ್ಲೇ ಇರ್ಬೇಕಲ್ಲ."

ಅವರ ಮನಸ್ಸು ಕೂತಿದ್ದು ಒಂದೇ ಜಾತಿಯ ಮೇಲೆ. ನಮ್ಮ ಕಡೆಯವರು ಅದಕ್ಕೆ ಇಕ್ಕಳ ಎನ್ನುತ್ತಿದ್ದರು. ನನ್ನ ಅಜ್ಜನ ಕಾಲದಲ್ಲಿ ಅಂಗಿಗುಂಡಿ ಕತ್ತರಿಸುವ ಕಾರ್ಖಾನೆಗೆ ಚಿಪ್ಪು ಹೆಕ್ಕುತ್ತಿದ್ದವರು, ಇಕ್ಕಳ ಬೆರಳು ಹಿಡಿದರೆ ಗುಡುಗು ಬಂದ ಮೇಲೇ ಬಿಡುವುದು ಎನ್ನುತ್ತಿದ್ದರಂತೆ. ಡಾಕ್ಟರು ಬಂದ ಕಾಲಕ್ಕೆ ಬರೀ ಖಾಲಿ ಚಿಪ್ಪು ಸಿಗುತ್ತಿತ್ತು. ಆ ಖಾಲಿ ಚಿಪ್ಪಿನ ಅಂಚಿನ ಹಲ್ಲುಗಳನ್ನು ನೋಡಿಯೇ ಅವರು ತಮ್ಮ ಪ್ರಬಂಧದಲ್ಲಿ ಒಂದು ಮಾತು ಬರೆದರು. ಹೆಣ್ಣು ಇಕ್ಕಳ ವಸಂತದಲ್ಲಿ ಜಲ್ಲಿಯಿಂದ ಮೇಲೆದ್ದು ಬಾಯಿ ತೆರೆದು ಕೂರುತ್ತದೆ, ಕಲ್ಲು ಮಗುಚಿ ಹುಳ ಹೆಕ್ಕುವ ಮೀನು ಅದನ್ನೂ ಕಲ್ಲೆಂದುಕೊಂಡು ಮೂತಿ ತೂರಿಸುತ್ತದೆ, ಆಗ ಇಕ್ಕಳ ತಲೆಯನ್ನು ಗಪ್ಪನೆ ಹಿಡಿದು, ತನ್ನ ಮರಿಗಳನ್ನೆಲ್ಲ ಆ ಮೀನಿನ ಕಿವಿರಿಗೆ ಊದಿ, ಆಮೇಲೆ ಬಿಡುತ್ತದೆ. ಮೀನು ನಾಲ್ಕಾರು ವಾರ ಮರಿಗಳನ್ನು ಹೊತ್ತು ತಿರುಗಿ ನದಿಯಲ್ಲೆಲ್ಲ ಉದುರಿಸುತ್ತದೆ. ಇದೆಲ್ಲ ಸತ್ತ ಚಿಪ್ಪು ನೋಡಿ ಕಟ್ಟಿದ ಕಥೆ ಎಂದು ದೊಡ್ಡ ದೊಡ್ಡ ಪಂಡಿತರು ನಕ್ಕರು. ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ, ಡಾಕ್ಟರೂ ಕಂಡಿರಲಿಲ್ಲ.

ಮೂರು ವರ್ಷದ ಹಿಂದೆ ದೊಡ್ಡ ನೆರೆ ಇಳಿದ ಮೇಲೆ ಅಜ್ಜಿ ನಮಗೆ ಸಿಕ್ಕಳು. ಹಳೇ ಗಿರಣಿಗಿಂತ ಒಂದು ಮೈಲಿ ಕೆಳಗೆ, ಮರಳಿನ ಮೇಲೆ ಮಗುಚಿ ಬಿದ್ದಿದ್ದಳು. ಡಾಕ್ಟರು ಚಿಪ್ಪು ಅಗಲಿಸುವ ಸಣ್ಣ ಸಾಧನದಿಂದ ಕೂದಲೆಳೆಯಷ್ಟು ಬಿಡಿಸಿ ಒಳಗೆ ಇಣುಕಿದರು. ಕಿವಿರು ಖಾಲಿ. ಗಂಡು ಹತ್ತಿರದಲ್ಲಿ, ಹರಿವಿನ ಮೇಲ್ಗಡೆ ಇದ್ದರೆ ಶರತ್ಕಾಲದಲ್ಲಿ ನೀರಿಗೆ ಬಿಟ್ಟ ಬೀಜ ಹೆಣ್ಣಿಗೆ ತಲುಪುತ್ತದೆ, ಮರಿಗಳಿಂದ ಕಿವಿರು ತುಂಬಿ ಉಬ್ಬುತ್ತದೆ. ಇವಳಿಗೆ ಯಾರೂ ಇರಲಿಲ್ಲ. ಅಜ್ಜಿ ಸಾಯುವ ಮೊದಲು ಒಂದು ಗಂಡು ಸಿಗದಿದ್ದರೆ ಇಕ್ಕಳದ ಕಥೆ ಅಲ್ಲಿಗೆ ಮುಗಿದ ಹಾಗೆ.

ಅದಕ್ಕೇ ಆ ಮೂರು ಬೇಸಿಗೆ. ಹೊಟ್ಟೆಯ ಮೇಲೆ ತೆವಳುತ್ತಾ, ಬಾಯಿಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡು, ಜಲ್ಲಿಯನ್ನು ಕೈಯಿಂದ ಕೆದಕುತ್ತಾ ಹನ್ನೊಂದು ಮೈಲಿ ನದಿಯನ್ನು ಅಂಗುಲ ಅಂಗುಲ ನೋಡಿದೆವು. ಚಿಪ್ಪು ತಿನ್ನುವ ನೀರಿಲಿಗಳ ಎಂಜಲು ರಾಶಿಗಳನ್ನು ಕೆದರಿದೆವು. ನನ್ನ ಉಗುರುಗಳು ಮತ್ತೆ ಬೆಳೆಯುವುದನ್ನೇ ಮರೆತವು. ಡಾಕ್ಟರ ಎಡಮಂಡಿ ಹೋಯಿತು, ನೀರಿನಿಂದ ಎಬ್ಬಿಸಲು ನಾನು ಕಂಕುಳಿಗೆ ಕೈ ಕೊಡಬೇಕಿತ್ತು. ಮೂರನೇ ಬೇಸಿಗೆಯ ಕೊನೆಗೆ ಅಜ್ಜಿಯ ಚಿಪ್ಪು ಅಂಚಿನಲ್ಲಿ ಬಿಳಿಚಿಕೊಳ್ಳತೊಡಗಿತು. ಮುಟ್ಟಿದರೆ ಮುಚ್ಚಿಕೊಳ್ಳುವುದು ನಿಧಾನವಾಯಿತು. ಇನ್ನೊಂದು ಚಳಿಗಾಲ ತಾಳುವುದು ಕಷ್ಟ ಎಂದರು ಡಾಕ್ಟರು. ಹೇಳಿದ್ದು ಅಷ್ಟೇ, ಆದರೆ ಅವತ್ತು ಮಧ್ಯಾಹ್ನದ ಬುತ್ತಿಯನ್ನು ಮುಟ್ಟಲಿಲ್ಲ.

ಗಿರಣಿಯ ಕಟ್ಟೆಯ ಬುಡದಲ್ಲಿ ಒಂದು ಮಡು ಇದೆ. ನಮ್ಮ ಚರ್ಚಿನವರಿಗೆ ನೂರು ವರ್ಷದಿಂದ ದೀಕ್ಷಾಸ್ನಾನದ ಜಾಗ. ತೊಟ್ಟಿಯಲ್ಲಿ ಮುಳುಗಿಸುವುದು ನಮ್ಮವರಿಗೆ ಆಗದು, ಹರಿಯುವ ನೀರೇ ಬೇಕು. ಆ ಮಡುವನ್ನು ಡಾಕ್ಟರು ಮೂರು ವರ್ಷವೂ ನೋಡಿದರು, ಮೂರು ವರ್ಷವೂ ತಲೆ ಕೆರೆದುಕೊಂಡರು. ಜಲ್ಲಿ ಒಳ್ಳೆಯದು, ಹರಿವು ಒಳ್ಳೆಯದು, ಮೀನು ಬೇಕಾದಷ್ಟಿವೆ, ಆದರೆ ಒಂದೇ ಒಂದು ಚಿಪ್ಪಿಲ್ಲ, ಸತ್ತದ್ದೂ ಇಲ್ಲ. ಯಾರೋ ಗುಡಿಸಿದ ಅಡುಗೆಮನೆಯ ಹಾಗಿದೆ ಎಂದರು. ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೆಪ್ಟೆಂಬರಿನ ಎರಡನೇ ಭಾನುವಾರ ದೀಕ್ಷೆ. ಹಿಂದಿನ ದಿನ ಶನಿವಾರ ಬೆಳಿಗ್ಗೆ ಮಡು ಹಸನು ಮಾಡುವ ಸರದಿ ಹೆಂಗಸರದು. ನಾವು ಏಳೆಂಟು ಜನ ಲಂಗ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಇಳಿದಿದ್ದೆವು. ಎಲೈಹು ಅಣ್ಣ ದಡದಲ್ಲಿ ತನ್ನ ಕೋಲು ಹಿಡಿದು ಕುಳಿತಿದ್ದ. ಆತ ನಮ್ಮ ಚರ್ಚಿನ ಹಿರಿಯ, ಎಲ್ಲರಿಗೂ ಅಣ್ಣ, ವಯಸ್ಸು ಎಂಬತ್ತೊಂದು, ಮಡುವಿನಲ್ಲಿ ಆಳ ಎಲ್ಲಿ, ಸಮ ಎಲ್ಲಿ ಎಂದು ಆ ಕೋಲಿನಿಂದ ಚುಚ್ಚಿ ನೋಡಿ ದಾರಿ ತೋರಿಸುವುದು ಆತನ ಹಕ್ಕು. ಯಾವತ್ತೂ ಶನಿವಾರ ಬಾರದ ಡಾಕ್ಟರು ಅವತ್ತು ಬಂದರು. ಪರೀಕ್ಷೆಗೆ ನೀರಿನ ಶೀಷೆ ತುಂಬಿಕೊಳ್ಳಬೇಕಿತ್ತಂತೆ. ನಾನು ಬೆನ್ನು ಮಾಡಿ ನಿಂತಿದ್ದೆ. ಬೆರಳಿಗೆ ಸಿಕ್ಕ ಒಂದು ಚಿಪ್ಪನ್ನು ಎತ್ತಿ, ತಿರುಗಿಯೂ ನೋಡದೆ, ಭುಜದ ಮೇಲಿಂದ ಗಿರಣಿಯ ಗೋಡೆಯಾಚೆ ಎಸೆದೆ.

"ಓರ್ಲೀನಾ, ಏನು ಮಾಡ್ತಿದೀಯ?"

ದನಿ ಮೆಲ್ಲಗಿತ್ತು. ಡಾಕ್ಟರ ದನಿ ಮೆಲ್ಲಗಾದರೆ ನನಗೆ ಭಯ.

"ಹಸನು ಮಾಡ್ತಿದೀವಿ ಡಾಕ್ಟ್ರೇ. ನಾಳೆ ನಾಲ್ಕು ಜನರಿಗೆ ದೀಕ್ಷೆ. ಬರಿಗಾಲಲ್ಲಿ ಇಳೀತಾರೆ, ಕಾಲು ಕೊಯ್ಕೊಳ್ಳಬಾರದಲ್ಲ."

"ಈಗ ಎಸೆದೆಯಲ್ಲ, ಅದೇನು?"

"ಚಿಪ್ಪು."

ಆ ಪದ ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ನನಗೆ ತಲುಪಿತು. ಮೊಣಕಾಲುದ್ದ ನೀರಿನಲ್ಲಿ ನಿಂತವಳಿಗೆ ಬೆವರು ಕಿತ್ತುಬಂತು. ವರ್ಷದಲ್ಲಿ ಮುನ್ನೂರು ದಿನ ನಾನು ಚಿಪ್ಪು ಹುಡುಕುವವಳು. ಅಳಿವಿನಂಚಿನ ಪ್ರಾಣಿಯನ್ನು ಮುಟ್ಟಲು ಸರ್ಕಾರ ಕೊಟ್ಟ ಪರವಾನಗಿ ಚೀಟಿ ನನ್ನ ಕೋಟಿನ ಜೇಬಿನಲ್ಲಿದೆ. ಆದರೆ ಶನಿವಾರ ಲಂಗ ಕಟ್ಟಿ ಮಡುವಿಗಿಳಿದ ಓರ್ಲೀನಾ ಆ ಓರ್ಲೀನಾ ಅಲ್ಲ. ಇವಳು ಅಮ್ಮನ ಜೊತೆ ಹೆಕ್ಕಿದ ಚಿಪ್ಪು ಹಾಕಲು ಹಂದಿಕೊಬ್ಬಿನ ಖಾಲಿ ಡಬ್ಬಿ ಹಿಡಿದು ಬಂದು, ಅಮ್ಮ ಹೇಳಿದ ಹಾಗೆ ಕೆಲಸ ಮಾಡುವ ಹುಡುಗಿ. ಇಬ್ಬರೂ ಒಬ್ಬಳೇ ಎಂದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ.

"ಎಷ್ಟು ವರ್ಷದಿಂದ?" ಎಂದರು ಡಾಕ್ಟರು.

"ನನ್ನ ಹನ್ನೊಂದನೇ ವಯಸ್ಸಿಂದ."

"ಬದುಕಿರೋವೂ ಇದ್ದವಾ?"

ಎಲೈಹು ಅಣ್ಣ ದಡದಿಂದಲೇ ಹೇಳಿದ, ಅದರಲ್ಲಿ ಮುಚ್ಚುಮರೆ ಏನು ಎಂಬಂತೆ. "ಇದ್ವು ತಾಯಿ. ಕಚ್ಚೋವೇ ಜಾಸ್ತಿ ಇದ್ವು. ಅದಕ್ಕೇ ನಮ್ಮಪ್ಪ ಹೇಳ್ತಿದ್ದ, ನದಿಗೆ ಎಸೀಬೇಡಿ, ಮತ್ತೆ ಕಾಲಿಗೇ ಬರ್ತವೆ, ಗೋಡೆ ಆಚೆ ಎಸೀರಿ ಅಂತ. ನೂರು ವರ್ಷದ ಪದ್ಧತಿ."

ನಾನು ಅಳತೊಡಗಿದೆ. ಮೂವತ್ತೆಂಟು ವರ್ಷ ಈ ಹೆಂಗಸಿನ ಜೊತೆ ನದಿಯನ್ನು ಜರಡಿ ಹಿಡಿದವಳು, ವರ್ಷಕ್ಕೊಂದು ಶನಿವಾರ ಅವರ ಪ್ರಾಣವನ್ನೇ ಹೆಕ್ಕಿ ಒಣನೆಲಕ್ಕೆ ಎಸೆದಿದ್ದೆ. ಕ್ಷಮಿಸಿ ಎನ್ನಲು ಹೋದೆ. ಡಾಕ್ಟರ ಮುಖ ಕೆಂಪಾಗಿತ್ತು. ಬೈದುಬಿಡಲಿ, ಹೊಡೆಯಲಿ ಎಂದುಕೊಂಡೆ. ಅವರು ಶೀಷೆಯನ್ನು ಎಲೈಹು ಅಣ್ಣನ ಕೈಗೆ ಕೊಟ್ಟು ಕೇಳಿದ್ದು ಇಷ್ಟೇ.

"ಗೋಡೆ ಆಚೆ ಏನಿದೆ?"

"ಗಿರಣಿ ಕಾಲುವೆ. ಆದ್ರೆ ಅದು ಒಣಗಿದೆ ಅಂತ ನೀವೇ ಹೇಳಿದ್ರಲ್ಲ," ಎಂದೆ ಮೂಗು ಒರೆಸಿಕೊಳ್ಳುತ್ತಾ.

ಹೌದು, ಹೇಳಿದ್ದರು. ಬಂದ ಮೊದಲ ವರ್ಷವೇ ಕಾಲುವೆಯ ಮೇಲಿನ ಬಾಯಿಯನ್ನು ರಸ್ತೆಯಿಂದ ನೋಡಿ, ಹೂಳು ತುಂಬಿ ಆಳೆತ್ತರ ಕಳೆ ಬೆಳೆದದ್ದು ಕಂಡು, ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಣಗಿದೆ ಎಂದು ಬರೆದಿದ್ದರು. ಆ ನಕ್ಷೆಯನ್ನೇ ಮೂವತ್ತೆಂಟು ವರ್ಷ ನಾವೆಲ್ಲ ನಂಬಿದ್ದೆವು.

"ಒಣಗೋದಾ?" ಎಲೈಹು ಅಣ್ಣನಿಗೆ ನಗು ಬಂತು. "ಮೇಲಿನ ಬಾಯಿ ಮುಚ್ಚಿದೆ, ಅಷ್ಟೇ. ನಡುವೆ ಸುಣ್ಣಕಲ್ಲು ಒಡೆದು ಒರತೆ ಹುಟ್ಟಿದೆಯಲ್ಲ, ಮೊಣಕಾಲುದ್ದ ನೀರು, ಜೋರಾಗೇ ಹರೀತದೆ. ನಾನು ಚಿಕ್ಕವನಿದ್ದಾಗ ಅಲ್ಲೇ ಮೀನು ಹಿಡೀತಿದ್ದೆ. ನೀವು ಯಾವತ್ತೂ ಕೇಳ್ಲಿಲ್ಲ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕಥೆ. ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಮೇಲೆ ಅರವತ್ತೆಂಟು ವರ್ಷದ, ಒಂದು ಮಂಡಿ ಕೈಕೊಟ್ಟ ಆ ಹೆಂಗಸು ಗಿರಣಿ ಗೋಡೆ ಹತ್ತತೊಡಗಿದರು.

ಆಚೆ ಬದಿ ಮುಳ್ಳುಹಣ್ಣಿನ ಪೊದೆ. ನಾನು ಲಂಗದಲ್ಲೇ ನುಗ್ಗಿದೆ, ಅದು ಹರಿಯಿತು. ಪೊದೆಯ ಕೆಳಗೆ ನೀರಿನ ಸದ್ದು. ಬಿದ್ದ ಸಿಕಮೋರ್ ಮರದ ಬುಡದಲ್ಲಿ ಒರತೆ ಉಕ್ಕಿ, ಸಣ್ಣ ಜಲ್ಲಿಯ ಮೇಲೆ ಓಡಿ, ನೂರು ಮಾರು ಕೆಳಗೆ ನದಿಗೆ ಸೇರುತ್ತಿತ್ತು. ಆ ತುದಿಯನ್ನು ಮರದ ಬೇರು, ಕೊಂಬೆ ಮುಚ್ಚಿದ್ದರಿಂದ ದೋಣಿಯಲ್ಲಿ ಹೋಗುವವರಿಗೆ ಕಾಣುತ್ತಿರಲಿಲ್ಲ. ನೀರು ಗಾಜಿನಷ್ಟು ತಿಳಿ. ತಳದ ತುಂಬ ಚಿಪ್ಪು. ನೂರು ವರ್ಷ ನಮ್ಮ ಹೆಂಗಸರು ಎಸೆದ ಚಿಪ್ಪು, ಖಾಲಿ, ಒಡೆದದ್ದು, ಸುಣ್ಣವಾದದ್ದು. ಸ್ಮಶಾನಕ್ಕೆ ಬಂದ ಹಾಗಿತ್ತು. ನಾನು ಕೂತುಬಿಟ್ಟೆ. ಡಾಕ್ಟರು ಕೂರಲಿಲ್ಲ. ಕನ್ನಡಕ ಬಿಚ್ಚಿ, ಮುಖವನ್ನೇ ನೀರಿಗಿಟ್ಟು, ಎರಡೂ ಕೈಯಿಂದ ಜಲ್ಲಿ ಕೆದಕಿದರು. ಖಾಲಿ. ಮತ್ತೊಂದು, ಖಾಲಿ. ಮೂರು, ನಾಲ್ಕು, ಏಳು. ಎಂಟನೆಯದು ಬೆರಳಿಗೆ ಸಿಕ್ಕಾಗ ಅವರು ತಲೆ ಎತ್ತಿದರು, ಗಲ್ಲದಿಂದ ನೀರು ಸುರಿಯುತ್ತಿತ್ತು.

"ಭಾರ ಇದೆ," ಎಂದರು.

ಖಾಲಿ ಚಿಪ್ಪಿಗೆ ಭಾರ ಇರುವುದಿಲ್ಲ. ನಾನು ಹೇಗೆ ಎದ್ದೆ, ಹೇಗೆ ನೀರಿಗಿಳಿದೆ ಗೊತ್ತಿಲ್ಲ. ಅವರ ಅಂಗೈಯಲ್ಲಿ ಜೇನುತುಪ್ಪದ ಬಣ್ಣದ ಚಿಪ್ಪು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಹೆಣ್ಣಿಗೆ ಹಿಂಭಾಗ ಉಬ್ಬಿ ಅಂಚಿನಲ್ಲಿ ಹಲ್ಲಿರುತ್ತದೆ. ಇದು ನುಣುಪಾಗಿ, ಮೊಟ್ಟೆಯ ಆಕಾರದಲ್ಲಿತ್ತು. ಡಾಕ್ಟರು ಅದನ್ನು ನನ್ನ ಕೈಗಿಟ್ಟರು. ನೀನೇ ಹೇಳು, ನನ್ನ ಕಣ್ಣನ್ನು ನಾನು ನಂಬಲ್ಲ ಎಂದರು.

"ಗಂಡು," ಎಂದೆ. "ಡಾಕ್ಟ್ರೇ, ಗಂಡು ಸಿಕ್ತು."

ಅವರು ನೀರಿನಲ್ಲೇ ಕುಳಿತು ನಕ್ಕರು. ಮೂವತ್ತೆಂಟು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಗೋಡೆಯಾಚೆ ಹೆಂಗಸರು, ಅವರಿಗೇನೋ ಆಯಿತು ಎಂದು ಕೂಗತೊಡಗಿದರು. ಸಂಜೆಯೊಳಗೆ ಇನ್ನೂ ಎರಡು ಗಂಡು ಸಿಕ್ಕವು. ಅಲ್ಲಿಗೆ ಸಾಕು, ಹೆಚ್ಚು ಕೆದಕಬಾರದು ಎಂದು ಡಾಕ್ಟರು ನನ್ನ ಕೈ ಹಿಡಿದು ಎಳೆದರು. ನಾನು ನಿಲ್ಲುತ್ತಿರಲಿಲ್ಲ.

ಗೋಡೆಯ ಮೇಲೆ ಕುಳಿತು ಒದ್ದೆ ಲಂಗ ಹಿಂಡುವಾಗ ನಾನು ಮತ್ತೆ ಆ ಮಾತೆತ್ತಿದೆ. ಐವತ್ತು ವರ್ಷ ಎಸೆದೆನಲ್ಲ ಡಾಕ್ಟ್ರೇ, ಎಷ್ಟು ಕೊಂದಿರಬಹುದು ಎಂದೆ. ತುಂಬ ಕೊಂದಿರಬಹುದು ಎಂದರು. ಸುಳ್ಳು ಸಮಾಧಾನ ಹೇಳುವ ಜನ ಅವರಲ್ಲ. ಆಮೇಲೆ ಕೇಳಿದರು, ಟ್ಯಾಂಕರು ಮಗುಚಿದ ವರ್ಷ ನೆನಪಿದೆಯಾ ಎಂದು.

ಮರೆಯುವುದುಂಟೇ. ಇಪ್ಪತ್ತೈದು ವರ್ಷದ ಹಿಂದೆ ಮೇಲಿನ ರಸ್ತೆಯಲ್ಲಿ ಯಾರದೋ ಟ್ಯಾಂಕರು ಉರುಳಿ, ಅದರೊಳಗಿನ ವಿಷ ನದಿಗಿಳಿದು, ನೀರು ಮೂರು ದಿನ ಹಾಲಿನ ಬಣ್ಣಕ್ಕೆ ತಿರುಗಿತ್ತು. ಮೀನು, ಏಡಿ, ಚಿಪ್ಪು, ಒಂದೂ ಉಳಿಯಲಿಲ್ಲ. ನಾವಿಬ್ಬರೂ ಹೆಣ ಎಣಿಸಿದೆವು. ಏಳು ಸಾವಿರಕ್ಕೆ ನಾನು ಎಣಿಕೆ ನಿಲ್ಲಿಸಿದೆ, ಡಾಕ್ಟರು ನಿಲ್ಲಿಸಲಿಲ್ಲ.

"ಮಡುವಿನಲ್ಲೇ ಬಿಟ್ಟಿದ್ರೆ ಅವತ್ತೇ ಎಲ್ಲ ಸತ್ತಿರೋವು," ಎಂದರು. "ಈ ಕಾಲುವೆಗೆ ನದಿ ನೀರು ಬರಲ್ಲ. ಒರತೆ ನೀರು ಹೊರಗೆ ದೂಡುತ್ತೆ. ಇವನ್ನ ಉಳಿಸಿದ್ದು ನಾನಲ್ಲ ಓರ್ಲೀನಾ. ನನ್ನ ಓದೂ ಅಲ್ಲ. ನೀವು ಹೆಂಗಸರು, ಕಾಲಿಗೆ ಚುಚ್ಚುತ್ತೆ ಅಂತ."

ನಾನು ಲಂಗವನ್ನು ಇನ್ನೊಮ್ಮೆ ಹಿಂಡಿದೆ. ಅಜ್ಜಿಯೂ ಇಲ್ಲಿಯವಳೇ, ಆ ನೆರೆ ಅವಳನ್ನು ಕಾಲುವೆಯಿಂದ ಎತ್ತಿ ನದಿಗೆ ಎಸೆದಿತ್ತು ಎಂಬುದು ಆಗ ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು.

ಗಂಡನ್ನು ತೊಟ್ಟಿಗೆ ಒಯ್ಯುವುದೋ, ಅಜ್ಜಿಯನ್ನು ಮನೆಗೆ ತರುವುದೋ? ತೊಟ್ಟಿಯ ನೀರಿನಲ್ಲಿ ಗಂಡುಗಳು ಬೀಜ ಬಿಡುವುದನ್ನೇ ನಿಲ್ಲಿಸಿಬಿಡಬಹುದು. ಡಾಕ್ಟರು ಮನೆಗೇ ಎಂದರು. ಆದರೆ ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಅಧಿಕಾರಿ ಸೋಮವಾರ ನೋಡೋಣ ಎಂದ. ನೀರು ತಣ್ಣಗಾಗುತ್ತಿತ್ತು, ಗಂಡುಗಳು ಯಾವ ದಿನ ಬೇಕಾದರೂ ಬೀಜ ಬಿಟ್ಟು ಮುಗಿಸಬಹುದಿತ್ತು. ಡಾಕ್ಟರು ಅವನಿಗೆ ಶನಿವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆವರೆಗೆ ಹದಿನಾಲ್ಕು ಸಲ ಫೋನು ಮಾಡಿದರು. ಕೊನೆಗೆ ಅವನ ಹೆಂಡತಿಯೇ ಫೋನೆತ್ತಿ, ಗಂಡನ ಕಡೆ ತಿರುಗಿ, ಅವರಿಗೆ ಏನು ಬೇಕೋ ಬರೆದುಕೊಟ್ಟುಬಿಡಿ, ಇವತ್ತಾದರೂ ಊಟ ಮಾಡೋಣ ಎಂದಳಂತೆ. ಹನ್ನೊಂದು ಗಂಟೆಗೆ ಒಪ್ಪಿಗೆ ಬಂತು.

ಅಜ್ಜಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪುಪೆಟ್ಟಿಗೆಯಲ್ಲಿಟ್ಟು ನಾವು ಗಿರಣಿಗೆ ಬಂದಾಗ ದಡದ ತುಂಬ ಜನ. ದೀಕ್ಷೆ ನಡೆಯುತ್ತಿತ್ತು. ಎಲೈಹು ಅಣ್ಣ ಸೊಂಟದವರೆಗೆ ನೀರಿನಲ್ಲಿ ನಿಂತು ಹಾಡಿನ ಸಾಲು ಹೇಳಿಕೊಡುತ್ತಿದ್ದ, ಇನ್ನೂರು ಜನ ಅದನ್ನು ಎಳೆದು ಎಳೆದು ಹಾಡುತ್ತಿದ್ದರು. ಗೋಡೆಗೆ ಹೋಗಲು ದಾರಿ ಅವರ ನಡುವಿನಿಂದಲೇ. ಮುಗಿಯುವವರೆಗೆ ಕಾಯೋಣ ಎಂದು ಡಾಕ್ಟರು ಸಂಕೋಚಪಟ್ಟರು. ಅವರು ಯಾವ ಚರ್ಚಿಗೂ ಸೇರಿದವರಲ್ಲ, ಯಾರ ಪೂಜೆಗೂ ಅಡ್ಡ ಬರುವವರಲ್ಲ. ಎಲೈಹು ಅಣ್ಣ ನಮ್ಮನ್ನು ಕಂಡ. ಹಾಡು ನಿಲ್ಲಿಸಿ ಕೋಲೆತ್ತಿದ.

"ದಾರಿ ಬಿಡ್ರಪ್ಪ," ಎಂದ. "ಹೆಣ್ಣಿನ ಕಡೆಯವರು ಬಂದಿದಾರೆ."

ಜನ ನಕ್ಕು ಎರಡು ಪಾಲಾದರು. ಆ ವಿಷಯ ಶನಿವಾರ ಸಂಜೆಯೇ ಊರಿಡೀ ಹಬ್ಬಿತ್ತೆಂದು ಆಗ ತಿಳಿಯಿತು. ಅಣ್ಣ ಬಿಟ್ಟ ಸಾಲಿನಿಂದಲೇ ಹಾಡು ಮತ್ತೆ ಎತ್ತಿದ. ಒದ್ದೆ ಬಿಳಿ ಉಡುಗೆಯ ನಾಲ್ವರು, ಸೇಬಿನ ಕೇಕು, ಕೋಳಿಸಾರು ಹಿಡಿದ ಹೆಂಗಸರು, ಹ್ಯಾಟು ತೆಗೆದು ಎದೆಗಿಟ್ಟ ಗಂಡಸರು, ಇವರೆಲ್ಲರ ನಡುವೆ ನಾವಿಬ್ಬರೂ ಪೆಟ್ಟಿಗೆಯ ಆ ಕಡೆ ಈ ಕಡೆ ಹಿಡಿದು ದಿಬ್ಬಣ ಹೊರಟ ಹಾಗೆ ನಡೆದೆವು. ನನಗೆ ಹೆಮ್ಮೆಯಿಂದ ಎದೆ ಬಿರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಜ್ಜಿಯನ್ನು ಮೂರು ಗಂಡುಗಳ ಕೆಳಗಿನ ಹರಿವಿನಲ್ಲಿ ಒಂದು ಅಡಿ ದೂರದಲ್ಲಿ ಇಟ್ಟೆವು. ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ತನ್ನ ಬಿಳಿ ಪಾದವನ್ನು ಹೊರಚಾಚಿ ಜಲ್ಲಿಯೊಳಗೆ ಇಳಿದಳು. ಹುಟ್ಟಿದ ಮನೆ ಗುರುತು ಸಿಕ್ಕಿತೋ ಏನೋ.

ಆ ಚಳಿಗಾಲ ನನ್ನ ಜೀವಮಾನದ ಅತಿ ಉದ್ದದ ಚಳಿಗಾಲ. ನೋಡಲು ಹೋಗುವಂತಿಲ್ಲ, ಕೆದಕುವಂತಿಲ್ಲ. ಡಿಸೆಂಬರಿನಲ್ಲಿ ಡಾಕ್ಟರು ನಿವೃತ್ತರಾದರು. ಕೇಂದ್ರದವರು ಕರಡಿಯ ಚಿತ್ರವಿದ್ದ ಗಡಿಯಾರ ಕೊಟ್ಟರು. ಆ ಕೊಟ್ಟವನ ಮುಖದ ಮೇಲೇ ನಾನು ಎರಡು ಮಾತು ಹೇಳಿದೆ, ಡಾಕ್ಟರು ನನ್ನ ತೋಳು ಚಿವುಟಿ ಸುಮ್ಮನಾಗಿಸಿದರು. ಮಿನೆಸೋಟದಿಂದ ಅವರ ತಂಗಿ ಇಲ್ಲಿಗೇ ಬಂದುಬಿಡು ಎಂದು ಕರೆದಳು. ಮೇ ತಿಂಗಳು ಆಗಲಿ ಎಂದರು.

ಮೇ ಎರಡನೇ ವಾರ ನೀರು ಬೆಚ್ಚಗಾಯಿತು. ಒಂಬತ್ತು ದಿನ ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ನಾವಿಬ್ಬರೂ ಕಾಲುವೆಯಲ್ಲಿ ಬೋರಲು ಮಲಗಿ ಕಾದೆವು. ಅಜ್ಜಿ ಮೂರನೇ ದಿನ ಮೇಲೆದ್ದಳು. ನಾಲ್ಕನೇ ದಿನ ಬಾಯಿ ತೆರೆದಳು. ಒಳಗೆ ಕಿವಿರು ದಪ್ಪಗೆ, ಬೆಳ್ಳಗೆ ಉಬ್ಬಿತ್ತು. ಬಸುರಿ. ಅದನ್ನು ನೋಡಿ ನಾನು ನೀರೊಳಗೇ ಕೂಗಿ, ನೀರು ಕುಡಿದು, ಕೆಮ್ಮಿ, ಬೈಸಿಕೊಂಡೆ. ಆದರೆ ಬಸುರಿಯಾದರೆ ಸಾಲದು, ಮೀನು ಬರಬೇಕು. ಪಟ್ಟೆಪಟ್ಟೆಯ ಆ ಮೀನುಗಳು ಕಾಲುವೆಗೆ ಬಂದವು, ಕಲ್ಲು ಮಗುಚಿದವು, ಅಜ್ಜಿಯ ಪಕ್ಕದಲ್ಲೇ ಸುಳಿದು ಹೋದವು. ಐದು ದಿನ ಹಾಗೇ ಹೋದವು. ಖಾಲಿ ಚಿಪ್ಪು ನೋಡಿ ಕಥೆ ಕಟ್ಟಿದಳು ಎಂದು ನಕ್ಕವರು ಸರಿಯೇನೋ ಎಂಬ ಭಯ ಡಾಕ್ಟರಿಗೆ ಹತ್ತಿತ್ತೆಂದು ನನಗೆ ಗೊತ್ತಿತ್ತು.

ಒಂಬತ್ತನೇ ದಿನ, ಹತ್ತೂವರೆಗೆ, ಬೆರಳುದ್ದದ ಒಂದು ಮೀನು ಬಂತು. ಒಂದು ಕಲ್ಲು ಮಗುಚಿತು. ಇನ್ನೊಂದನ್ನು ಮಗುಚಿತು. ಅಜ್ಜಿಯ ಮುಂದೆ ನಿಂತು, ತೆರೆದ ಬಾಯಿಯನ್ನು ಸೋದರತ್ತೆ ಪಾತ್ರೆಯೊಳಗೆ ಇಣುಕುವ ಹಾಗೆ ಓರೆಯಾಗಿ ನೋಡಿತು. ಆಮೇಲೆ ಮೂತಿ ತೂರಿಸಿತು.

ಗಪ್. ಮೀನಿನ ತಲೆ ಕಾಣಲಿಲ್ಲ. ಬಾಲ ಒದ್ದಾಡಿತು, ಜಲ್ಲಿ ಎದ್ದಿತು. ಡಾಕ್ಟರ ಕೈ ನೀರೊಳಗೆ ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿಯಿತು. ನನ್ನ ಗಡಿಯಾರದಲ್ಲಿ ಒಂದು ನಿಮಿಷ. ಎರಡು. ಮೀನು ಒದ್ದಾಟ ನಿಲ್ಲಿಸಿತು, ಅದರ ಕಿವಿರಿನ ಮುಚ್ಚಳ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಬಿಳಿ ಹಿಟ್ಟಿನಂಥದ್ದೊಂದು ಎಳೆ ಅಂಚಿನಿಂದ ಹೊರಬಂದು ನೀರಿನಲ್ಲಿ ಕರಗಿತು. ಅವು ಮರಿಗಳು. ಸಾವಿರಾರು ಮರಿಗಳು. ಐದು ನಿಮಿಷ. ಏಳು. ಸತ್ತೇ ಹೋಯಿತೇನೋ ಎಂದು ನನಗೆ ಗಾಬರಿ. ಡಾಕ್ಟರು ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಒಂಬತ್ತನೇ ನಿಮಿಷಕ್ಕೆ ಅಜ್ಜಿ ಬಾಯಿ ಸಡಿಲಿಸಿದಳು. ಮೀನು ಹಿಂದಕ್ಕೆ ಜಾರಿ, ಒಂದು ಗಳಿಗೆ ತಳದಲ್ಲಿ ಒರಗಿ, ತಲೆ ಕೊಡವಿ, ಕಾಲುವೆಯ ತುದಿಯಲ್ಲಿ ಬೇರುಗಳ ಸಂದಿನಿಂದ ನುಸುಳಿ ನದಿಗೆ ಇಳಿಯಿತು.

ಅಜ್ಜಿ ಮೀನನ್ನು ಬಿಟ್ಟಳು. ಡಾಕ್ಟರು ನನ್ನ ಕೈಯನ್ನು ಬಿಡಲಿಲ್ಲ.